ಕ್ಯಾಲೆಂಡರಿನ ಅಂಚಿನಲ್ಲಿ ಒಂದು ಹೆಬ್ಬೆರಳು

(ಆಗಸ್ಟ್ 19, ವಿಶ್ವ ಛಾಯಾಗ್ರಹಣ ದಿನ. ಪುತ್ತೂರಿನಲ್ಲಿ ಫೋಟೋಗ್ರಾಫರ್ ಗೆಳೆಯರು ಸೇರಿದ್ದಾಗ ಆಡಿದ ಮಾತುಗಳಿವು. ಬರೆಯುವಾಗ ಅಲ್ಲಲ್ಲಿ ತಿದ್ದಿದ್ದೇನೆ. ಕೊನೆಗೆ ಬಂದ ಪ್ರಶ್ನೆಗಳನ್ನು ಮಾತಿನ ಮಧ್ಯದಲ್ಲೇ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಮೊದಲೇ ಹೇಳಿಬಿಡುತ್ತೇನೆ, ನಾನು ವಕೀಲನಲ್ಲ. ನಿಮ್ಮ ಹಾಗೇ ಕ್ಯಾಮರಾ ನಂಬಿ ಬದುಕುವವನು. ಫಿಲ್ಮ್ ರೋಲಿನ ಕಾಲದಲ್ಲಿ ಸ್ಟುಡಿಯೋ ಒಂದರಲ್ಲಿ ಕೆಲಸ ಕಲಿತೆ. ಕಾಪಿರೈಟ್ ಕಾಯ್ದೆ ಅಂತ ಒಂದಿದೆ ಎಂದು ಗೊತ್ತಿತ್ತು. ಅದನ್ನು ಬಿಡಿಸಿ ಓದಿದ್ದು ಮಾತ್ರ ನನ್ನದೇ ಒಂದು ಫೋಟೋ ಕಳುವಾದ ಮೇಲೆ. ಅರ್ಥವಾಗದ ಕಡೆ ವಕೀಲ ಸ್ನೇಹಿತರೊಬ್ಬರು ಜೊತೆಗೆ ಕೂತು ಹೇಳಿಕೊಟ್ಟರು. ಹಾಗಾಗಿ ಆ ಫೋಟೋದಿಂದಲೇ ಶುರು ಮಾಡುತ್ತೇನೆ.

ವಿಟ್ಲದ ಹತ್ತಿರ ಗದ್ದೆಯಲ್ಲಿ ಒಂದು ಯಕ್ಷಗಾನ ಬಯಲಾಟ. ರಾತ್ರಿ ಹನ್ನೊಂದು ದಾಟಿತ್ತು. ಚೌಕಿಯೊಳಗೆ, ಅಂದರೆ ವೇಷ ಹಾಕುವ ಕೋಣೆಯೊಳಗೆ, ಬಣ್ಣದ ವೇಷದ (ರಾಕ್ಷಸ ಪಾತ್ರದ) ಹಿರಿಯ ಕಲಾವಿದರೊಬ್ಬರು ಕಾಲು ಮಡಚಿ ಕೂತು, ಒಂದು ಕೈಯಲ್ಲಿ ಕನ್ನಡಿ ಹಿಡಿದು, ಇನ್ನೊಂದು ಕೈಯ ಕಡ್ಡಿಯಿಂದ ಮುಖಕ್ಕೆ ಚಿಟ್ಟಿ ಇಡುತ್ತಿದ್ದರು. ಅಕ್ಕಿಹಿಟ್ಟು, ಸುಣ್ಣ ಕಲಸಿದ್ದು. ಒಂದೊಂದೇ ಚುಕ್ಕಿ, ಒಂದು ಒಣಗಿದ ಮೇಲೆ ಇನ್ನೊಂದು. ಎರಡೂವರೆ ಗಂಟೆ ನಾನು ಅಲ್ಲೇ ಕೂತಿದ್ದೆ. ಫ್ಲ್ಯಾಶ್ ಹಾಕಲಿಲ್ಲ, ಕಣ್ಣಿಗೆ ಹೊಡೆದರೆ ಅವರ ಕೈ ತಪ್ಪುತ್ತದೆ. ಇದ್ದದ್ದು ಒಂದು ಬಲ್ಬಿನ ಬೆಳಕು ಮಾತ್ರ. ಅರ್ಧ ಮುಖ ಮನುಷ್ಯನದ್ದು, ಅರ್ಧ ಮುಖ ರಾಕ್ಷಸನದ್ದು ಆಗಿದ್ದ ಹೊತ್ತಿಗೆ ಅವರು ಕನ್ನಡಿಯಿಂದ ಕಣ್ಣೆತ್ತಿ ನನ್ನ ಕಡೆ ನೋಡಿದರು. ಆಗ ಕ್ಲಿಕ್ ಮಾಡಿದೆ. ಫ್ರೇಮಿನ ಬಲಗಡೆ, ವೇಷದ ಪೆಟ್ಟಿಗೆಗೆ ತಲೆ ಆನಿಸಿ ಒಬ್ಬ ಸಣ್ಣ ಹುಡುಗ ನಿದ್ದೆ ಹೋಗಿದ್ದ. ಸಂಜೆಯ ಬಾಲಗೋಪಾಲ ವೇಷ ಮುಗಿಸಿದವನು. ಕೆನ್ನೆಯ ಬಣ್ಣ ಇನ್ನೂ ಪೂರ್ತಿ ಹೋಗಿರಲಿಲ್ಲ.

ಆ ಕಲಾವಿದರನ್ನು ಕೇಳಿಯೇ ಫೋಟೋವನ್ನು ಫೇಸ್‌ಬುಕ್ಕಿಗೆ ಹಾಕಿದೆ. ಬಲಗಡೆ ಕೆಳಗೆ, ಹುಡುಗನ ಪಕ್ಕದಲ್ಲಿ, ಸಣ್ಣ ಅಕ್ಷರದಲ್ಲಿ ನನ್ನ ಹೆಸರು. ಜನ ಮೆಚ್ಚಿದರು, ಶೇರ್ ಮಾಡಿದರು. ಖುಷಿಯಾಯಿತು.

ಒಂದೂವರೆ ವರ್ಷ ಕಳೆದಿತ್ತು. ಡಿಸೆಂಬರ್ ಕೊನೆಯ ವಾರ ಸೆಲೂನಿನಲ್ಲಿ ಕೂತಿದ್ದೇನೆ, ಎದುರಿನ ಕನ್ನಡಿಯಲ್ಲಿ ನನ್ನ ಫೋಟೋ ಕಾಣುತ್ತಿದೆ. ತಿರುಗಿ ನೋಡಿದರೆ ಹಿಂದಿನ ಗೋಡೆಯಲ್ಲಿ ಹೊಸ ಕ್ಯಾಲೆಂಡರ್. ಒಂದು ವ್ಯಾಪಾರ ಸಂಸ್ಥೆಯದ್ದು. ಮೇಲೆ ನಮ್ಮ ಕಲಾವಿದರ ಮುಖ, ಕೆಳಗೆ ಅಂಗಡಿಯ ಹೆಸರು, ಫೋನ್ ನಂಬರ್. ಬಲಗಡೆ ಕತ್ತರಿಸಿದ್ದರು. ಹುಡುಗನೂ ಇಲ್ಲ, ನನ್ನ ಹೆಸರೂ ಇಲ್ಲ.

ಸಿಟ್ಟು ಬಂತು, ನಿಜ. ನೋವಾದದ್ದು ಮಾತ್ರ ಮರುದಿನ. ಆ ಕಲಾವಿದರೇ ಫೋನ್ ಮಾಡಿದರು. "ಎಂತ ಮಾರಾಯ್ರೆ, ನನ್ನ ಫೋಟೋ ಕ್ಯಾಲೆಂಡರಿಗೆ ಮಾರಿದ್ರಾ? ಒಂದು ಮಾತು ಹೇಳ್ಬಹುದಿತ್ತಲ್ಲ."

ಕದ್ದವರು ಯಾರೋ, ಕಳ್ಳನಾದದ್ದು ನಾನು. ಚೌಕಿಯೊಳಗೆ ಎಲ್ಲರನ್ನೂ ಬಿಡುವುದಿಲ್ಲ. ನಂಬಿಕೆ ಇದ್ದವರನ್ನು ಬಿಡುತ್ತಾರೆ. ಅವತ್ತು ಹೋದದ್ದು ಆ ನಂಬಿಕೆ. ಕಾಪಿರೈಟ್ ಅಂದರೆ ಬರೀ ದುಡ್ಡಿನ ವಿಷಯ ಅಂತ ಯಾರಾದರೂ ಹೇಳಿದರೆ ನನಗೆ ಆ ಫೋನ್ ಕರೆ ನೆನಪಾಗುತ್ತದೆ. ನಮ್ಮ ಫೋಟೋ ನಮ್ಮ ಕೈಯಲ್ಲಿ ಇದ್ದರೆ ಮಾತ್ರ ಫೋಟೋದೊಳಗೆ ಇರುವವರಿಗೆ ಕೊಟ್ಟ ಮಾತನ್ನು ನಾವು ಉಳಿಸಿಕೊಳ್ಳಬಹುದು.

ಈಗ ಕಾನೂನಿನ ವಿಷಯಕ್ಕೆ ಬರೋಣ. ನಮ್ಮ ದೇಶದ ಕಾಪಿರೈಟ್ ಕಾಯ್ದೆ 1957ರದ್ದು. ಅದರ ಪ್ರಕಾರ ಫೋಟೋ ಒಂದು ಕಲಾಕೃತಿ. ಚಿತ್ರಕಲೆ, ಶಿಲ್ಪದ ಸಾಲಿನಲ್ಲೇ ಇಟ್ಟಿದ್ದಾರೆ. ಅದರ ಕರ್ತೃ ಯಾರು? ಫೋಟೋ ತೆಗೆದವರು. ಹಕ್ಕು ಯಾವಾಗ ಹುಟ್ಟುತ್ತದೆ? ಕ್ಲಿಕ್ ಆದ ಕ್ಷಣದಲ್ಲೇ. ಎಲ್ಲೂ ರಿಜಿಸ್ಟರ್ ಮಾಡಿಸಬೇಕಾಗಿಲ್ಲ, ಆ ವೃತ್ತದೊಳಗಿನ ಸಿ ಅಕ್ಷರದ ಗುರುತೂ ಕಡ್ಡಾಯವಲ್ಲ. ಮೊಬೈಲಿನಲ್ಲಿ ತೆಗೆದರೂ ಅಷ್ಟೇ, ದೊಡ್ಡ ಕ್ಯಾಮರಾದಲ್ಲಿ ತೆಗೆದರೂ ಅಷ್ಟೇ.

ಎಷ್ಟು ವರ್ಷ ಇರುತ್ತದೆ? ಮೊದಲು ಫೋಟೋಗೆ ಬೇರೆಯೇ ಲೆಕ್ಕ ಇತ್ತು, ಪ್ರಕಟವಾದಾಗಿನಿಂದ 60 ವರ್ಷ. ಕತೆ, ಕವನ ಬರೆದವರಿಗೆ ಜೀವಮಾನ ಮತ್ತು ಆಮೇಲೆ 60 ವರ್ಷ. ನಮಗೆ ಯಾಕೆ ಕಡಿಮೆ? 2012ರ ತಿದ್ದುಪಡಿಯಲ್ಲಿ ಆ ಭೇದ ತೆಗೆದರು. ಈಗ ನಮಗೂ ಬದುಕಿರುವಷ್ಟು ಕಾಲ, ಆಮೇಲೆ 60 ವರ್ಷ. ಈ ಸಭೆಯಲ್ಲಿ ಅಪ್ಪನ ಸ್ಟುಡಿಯೋ ನಡೆಸುತ್ತಿರುವವರು ಮೂರ್ನಾಲ್ಕು ಜನ ಇದ್ದೀರಿ. ಅಪ್ಪ ತಮ್ಮ ಖುಷಿಗೆ ತೆಗೆದ ಜಾತ್ರೆ, ರಥೋತ್ಸವ, ಕಂಬಳದ ನೆಗೆಟಿವ್‌ಗಳು ಡಬ್ಬದಲ್ಲಿ ಇದ್ದರೆ ದಯವಿಟ್ಟು ಬಿಸಾಡಬೇಡಿ. ಗೆದ್ದಲು ಹಿಡಿಯುವ ಮೊದಲು ಸ್ಕ್ಯಾನ್ ಮಾಡಿಸಿ. ಅದು ನಿಮಗೆ ಬಂದ ಆಸ್ತಿ, ಜಾಗದ ಆರ್‌ಟಿಸಿ ಇದ್ದ ಹಾಗೆ.

"ಖುಷಿಗೆ ತೆಗೆದ" ಅಂತ ಬೇಕೆಂದೇ ಹೇಳಿದೆ. ಇಲ್ಲೊಂದು ದೊಡ್ಡ ತೊಡಕು ಇದೆ. ಆ ದಿನ ಇದನ್ನು ಹೇಳಿದಾಗ ಸಭೆ ಒಂದು ಗಳಿಗೆ ಸುಮ್ಮನಾಯಿತು.

ಮದುವೆ ಫೋಟೋ ಯಾರದ್ದು? ನಾವೆಲ್ಲ ನಮ್ಮದು ಅಂದುಕೊಂಡಿದ್ದೇವೆ. ಕಾಯ್ದೆಯ 17ನೇ ಕಲಮು ಬೇರೆ ಹೇಳುತ್ತದೆ. ಒಬ್ಬರು ದುಡ್ಡು ಕೊಟ್ಟು, ಹೇಳಿ ತೆಗೆಸಿದ ಫೋಟೋದ ಮೊದಲ ಒಡೆತನ ತೆಗೆಸಿದವರದ್ದು. ಅಂದರೆ ಮದುವೆ ಮನೆಯವರದ್ದು. ತೆಗೆದವರು ನೀವೇ, ಆದರೆ ಕಾಪಿರೈಟ್ ಅವರದ್ದು. ಬೇರೆ ಒಪ್ಪಂದ ಇಲ್ಲದಿದ್ದರೆ ಅಂತ ಒಂದು ಮಾತು ಅಲ್ಲಿ ಸೇರಿಸಿದ್ದಾರೆ. ನಮ್ಮ ಪೂರಾ ರಕ್ಷಣೆ ಇರುವುದು ಆ ಒಂದು ಮಾತಿನಲ್ಲಿ.

ಫಿಲ್ಮ್ ಕಾಲದಲ್ಲಿ ನೆಗೆಟಿವ್ ಯಾರ ಹತ್ತಿರ ಇದೆಯೋ ಫೋಟೋ ಅವರದ್ದು ಅಂತ ನಾವು ಲೆಕ್ಕ ಹಾಕುತ್ತಿದ್ದೆವು. ಕವರಿನ ಮೇಲೆ ಬಾಲ್‌ಪೆನ್ನಿನಲ್ಲಿ ಬಿಲ್ ನಂಬರ್, ಮನೆಯ ಹೆಸರು. ಹತ್ತು ವರ್ಷದ ನಂತರ ಮಗಳು ಬಂದು ಅಮ್ಮನ ಫೋಟೋಕ್ಕೆ ಒಂದು ಕಾಪಿ ಕೇಳುತ್ತಿದ್ದಳು, ಹುಡುಕಿ ತೆಗೆದು ಪ್ರಿಂಟ್ ಹಾಕಿ ಕೊಡುತ್ತಿದ್ದೆವು. ಅದು ವಾಡಿಕೆ. ಕಾನೂನಿನಲ್ಲಿ ನೆಗೆಟಿವ್ ಇಟ್ಟುಕೊಂಡವರು ಬೇರೆ, ಹಕ್ಕು ಇರುವವರು ಬೇರೆ.

ಹಾಗಾದರೆ ಏನು ಮಾಡಬೇಕು? ಅಡ್ವಾನ್ಸ್ ತೆಗೆದುಕೊಳ್ಳುವಾಗ ಕೊಡುವ ಆರ್ಡರ್ ಫಾರಂನಲ್ಲಿ ಎರಡು ಸಾಲು ಸೇರಿಸಿ. ಫೋಟೋಗಳ ಕಾಪಿರೈಟ್ ಛಾಯಾಗ್ರಾಹಕರದ್ದು, ಗ್ರಾಹಕರು ಮನೆಯ ಬಳಕೆಗೆ ಎಷ್ಟು ಬೇಕಾದರೂ ಪ್ರಿಂಟ್ ಹಾಕಿಸಬಹುದು, ಹಂಚಿಕೊಳ್ಳಬಹುದು ಅಂತ ಒಂದು. ಸ್ಟುಡಿಯೋದ ಪ್ರದರ್ಶನಕ್ಕೆ, ಇನ್‌ಸ್ಟಾಗ್ರಾಂಗೆ ಫೋಟೋ ಬಳಸಲು ನಮ್ಮ ಒಪ್ಪಿಗೆ ಇದೆ, ಇಲ್ಲ ಅಂತ ಇನ್ನೊಂದು. ಇದೆ, ಇಲ್ಲ ಎರಡನ್ನೂ ಬರೆದು ಒಂದಕ್ಕೆ ಅವರೇ ಗುರುತು ಹಾಕಲಿ. ಕೆಳಗೆ ಸಹಿ. ಕನ್ನಡದಲ್ಲೇ ಬರೆಯಿರಿ, ಹುಡುಗಿಯ ಅಪ್ಪನಿಗೆ ಓದಿದರೆ ಅರ್ಥವಾಗಬೇಕು. ಒಬ್ಬಳು ಮದುಮಗಳ ಫೋಟೋವನ್ನು ಕೇಳದೆ ಅಂಗಡಿ ಮುಂದೆ ಫ್ಲೆಕ್ಸ್ ಮಾಡಿ ಹಾಕುವವರು ನಮ್ಮಲ್ಲೇ ಇದ್ದಾರೆ. ಅದು ನನ್ನ ಕ್ಯಾಲೆಂಡರ್ ಕತೆಗಿಂತ ಏನೂ ಬೇರೆಯಲ್ಲ.

ಪತ್ರಿಕೆಯಲ್ಲಿ ಕೆಲಸ ಮಾಡುವ ಗೆಳೆಯರು ಕೇಳಿದರು, ನಮ್ಮ ಗತಿ ಏನು ಅಂತ. ಸಂಬಳಕ್ಕೆ ಇರುವವರು ಪತ್ರಿಕೆಗಾಗಿ ತೆಗೆದ ಫೋಟೋವನ್ನು ಪತ್ರಿಕೆಯಲ್ಲಿ ಪ್ರಕಟಿಸುವ ಹಕ್ಕು ಮಾಲೀಕರದ್ದು. ಬೇರೆ ಒಪ್ಪಂದ ಮಾಡಿಕೊಂಡಿಲ್ಲದಿದ್ದರೆ ಉಳಿದ ಹಕ್ಕು ಫೋಟೋಗ್ರಾಫರದ್ದೇ. ಅದಕ್ಕೇ ಕೆಲಸಕ್ಕೆ ಸೇರುವಾಗ ಸಹಿ ಹಾಕಿದ ಕಾಗದವನ್ನು ಒಮ್ಮೆ ಹೊರಗೆ ತೆಗೆದು ಓದಿ. ಬೇರೆ ಒಪ್ಪಂದ ಇರುವುದು ಸಾಮಾನ್ಯವಾಗಿ ಅದರೊಳಗೇ.

ಹಕ್ಕನ್ನು ಬರೆದುಕೊಡುವುದಾದರೂ ಬಾಯಿಮಾತು ಸಾಲದು. ಬರಹದಲ್ಲಿ ಇರಬೇಕು, ಸಹಿ ಬೇಕು. ಎಷ್ಟು ವರ್ಷಕ್ಕೆ ಅಂತ ಬರೆಯದಿದ್ದರೆ 5 ವರ್ಷ ಅಂತ ಲೆಕ್ಕ. ಯಾವ ಪ್ರದೇಶಕ್ಕೆ ಅಂತ ಬರೆಯದಿದ್ದರೆ ಭಾರತಕ್ಕೆ ಮಾತ್ರ. ಕಾಯ್ದೆ ನಮ್ಮ ಪರವಾಗಿ ಇಷ್ಟು ಯೋಚನೆ ಮಾಡಿದೆ. ನಾವು ಮಾತ್ರ ಫೋಟೋ ಸ್ಪರ್ಧೆಯ ನಿಯಮ ಓದದೆ ಫೈಲ್ ಕಳಿಸುತ್ತೇವೆ. ಬಂದ ಎಲ್ಲ ಫೋಟೋಗಳೂ ಸಂಘಟಕರ ಸ್ವತ್ತು ಅಂತ ಹನ್ನೊಂದನೇ ಸಾಲಿನಲ್ಲಿ ಇರುತ್ತದೆ. ಬಹುಮಾನ ಒಬ್ಬರಿಗೆ, ಫೋಟೋ ಸಾವಿರ ಜನರದ್ದು. ಅಂಥ ಸ್ಪರ್ಧೆಗೆ ಕಳಿಸಬೇಡಿ. ಕಿರಿಯರಿಗೂ ಹೇಳಿ.

ಕ್ಯಾಲೆಂಡರ್ ಸಂಸ್ಥೆಯವರನ್ನು ಕೇಳಿದಾಗ ಅವರು ಡಿಸೈನರ್ ಕಡೆ ಬೆರಳು ತೋರಿಸಿದರು. ಡಿಸೈನರ್ ಹುಡುಗ ಹೇಳಿದ್ದು ಒಂದೇ ಮಾತು, "ಸಾರ್, ಗೂಗಲ್‌ನಲ್ಲಿ ಸಿಕ್ಕಿತ್ತು." ಈ ಮಾತು ನೀವೆಲ್ಲ ಕೇಳಿದ್ದೀರಿ ಅಲ್ವಾ? ಆ ಹುಡುಗ ಸುಳ್ಳು ಹೇಳಲಿಲ್ಲ. ಅವನಿಗೆ ಅದು ತಪ್ಪು ಅಂತಲೇ ಗೊತ್ತಿರಲಿಲ್ಲ. ನಾನು ಅವನಿಗೆ ಹೇಳಿದೆ, ನಮ್ಮ ಮನೆಯ ಹಲಸಿನ ಮರದ ಗೆಲ್ಲು ರಸ್ತೆಗೆ ಬಾಗಿದೆ. ದಾರಿಯಲ್ಲಿ ಹೋಗುವವರಿಗೆಲ್ಲ ಹಣ್ಣು ಕಾಣುತ್ತದೆ. ಕಂಡಿತು ಅಂತ ಕೊಯ್ದು ಸಂತೆಗೆ ಒಯ್ಯುವುದಕ್ಕಾಗುತ್ತದಾ? ಗೂಗಲ್ ತೋರಿಸುವುದು ಆ ಬಾಗಿದ ಗೆಲ್ಲನ್ನು. ಬೇರು ಯಾರದೋ ಅಂಗಳದಲ್ಲಿ ಇರುತ್ತದೆ.

ಇದರ ಇನ್ನೊಂದು ರೂಪ ಪತ್ರಿಕೆಗಳಲ್ಲಿ, ಪುಸ್ತಕಗಳಲ್ಲಿ ಕಾಣುತ್ತದೆ. "ಚಿತ್ರಕೃಪೆ: ಅಂತರ್ಜಾಲ". ನನಗೆ ಅತ್ಯಂತ ಬೇಸರ ತರುವ ಎರಡು ಪದ ಇವು. ಅಂತರ್ಜಾಲ ಯಾವತ್ತೂ ಮಳೆಯಲ್ಲಿ ನೆನೆದು ಆಗುಂಬೆಯ ಘಾಟಿಯಲ್ಲಿ ನಿಂತದ್ದಿಲ್ಲ. ನಿಂತವರಿಗೆ ಒಂದು ಹೆಸರಿದೆ. ಹುಡುಕಿದರೆ ಹತ್ತು ನಿಮಿಷದಲ್ಲಿ ಸಿಗುತ್ತದೆ. ರಾಜ್ಯೋತ್ಸವಕ್ಕೆ ಊರೂರಿನ ಫ್ಲೆಕ್ಸ್‌ನಲ್ಲಿ ನಮ್ಮ ಸಾಹಿತಿಗಳ ಮುಖಗಳನ್ನು ನೋಡುತ್ತೇವೆ. ಆ ಮುಖಗಳನ್ನು ನಮಗೆ ಕೊಟ್ಟವರು ಯಾರು ಅಂತ ಒಬ್ಬರನ್ನಾದರೂ ಕೇಳಿ ನೋಡಿ.

ಹೆಸರು ಹಾಕಿದರೆ ಸಾಕಾ? ಇದೂ ಬಂದ ಪ್ರಶ್ನೆ. ಸಾಲದು. ಕ್ರೆಡಿಟ್ ಬೇರೆ, ಅನುಮತಿ ಬೇರೆ. ಎರಡೂ ಬೇಕು. ವಿಕಿಮೀಡಿಯ ಕಾಮನ್ಸ್‌ನಂಥ ಜಾಲತಾಣಗಳಲ್ಲಿ ಫೋಟೋಗ್ರಾಫರುಗಳು ತಾವಾಗಿ ಕ್ರಿಯೇಟಿವ್ ಕಾಮನ್ಸ್ ಲೈಸೆನ್ಸಿನಲ್ಲಿ ಕೊಟ್ಟ ಲಕ್ಷಾಂತರ ಫೋಟೋಗಳಿವೆ. ಅಲ್ಲಿ ಅನುಮತಿಯನ್ನು ಮೊದಲೇ ಕೊಟ್ಟಿರುತ್ತಾರೆ. ಬಹುಪಾಲು ಫೋಟೋಗಳಿಗೆ ಒಂದು ಷರತ್ತು ಇರುತ್ತದೆ, ಹೆಸರು ಹಾಕಬೇಕು, ಲೈಸೆನ್ಸ್ ಯಾವುದೆಂದು ಹೇಳಬೇಕು. ಅದನ್ನೂ ಮಾಡದೆ ತೆಗೆದು ಹಾಕಿದರೆ ಅದೂ ಉಲ್ಲಂಘನೆಯೇ.

ಹೆಸರಿನ ವಿಷಯದಲ್ಲಿ ಕಾಯ್ದೆಯ 57ನೇ ಕಲಮು ನನಗೆ ಬಹಳ ಇಷ್ಟ. ಕಾಪಿರೈಟನ್ನೇ ಬೇರೆಯವರಿಗೆ ಬರೆದುಕೊಟ್ಟರೂ ಇದು ನಾನು ಮಾಡಿದ್ದು ಅಂತ ಹೇಳಿಕೊಳ್ಳುವ ಹಕ್ಕು ಕರ್ತೃವಿನ ಹತ್ತಿರವೇ ಉಳಿಯುತ್ತದೆ. ಮಾನಕ್ಕೆ ಕುಂದು ಬರುವ ಹಾಗೆ ಕೃತಿಯನ್ನು ಕೆಡಿಸಿದರೆ ತಡೆಯುವ ಹಕ್ಕೂ ಇದೆ. ಶಿಲ್ಪಿ ಅಮರನಾಥ ಸೆಹಗಲ್ ದೆಹಲಿಯ ವಿಜ್ಞಾನ ಭವನಕ್ಕೆ ಕಂಚಿನ ದೊಡ್ಡ ಭಿತ್ತಿಶಿಲ್ಪ ಮಾಡಿದ್ದರು. ದುಡ್ಡು ಕೊಟ್ಟು ಮಾಡಿಸಿದ್ದು ಸರ್ಕಾರ. 1979ರಲ್ಲಿ ಅವರಿಗೆ ಒಂದು ಮಾತೂ ಹೇಳದೆ ಅದನ್ನು ಗೋಡೆಯಿಂದ ಕಿತ್ತು ಗೋದಾಮಿಗೆ ಹಾಕಿದರು. ಸೆಹಗಲ್ ಕೋರ್ಟಿಗೆ ಹೋದರು. 2005ರಲ್ಲಿ ದೆಹಲಿ ಹೈಕೋರ್ಟ್ ಉಳಿದ ತುಂಡುಗಳನ್ನು ಅವರಿಗೇ ವಾಪಸ್ ಕೊಡಿಸಿತು, ಜೊತೆಗೆ 5 ಲಕ್ಷ ರೂಪಾಯಿ ಪರಿಹಾರ. ದುಡ್ಡು ಕೊಟ್ಟು ಕೊಂಡವರೂ ಕೃತಿಯನ್ನು ಹಾಳು ಮಾಡುವ ಹಾಗಿಲ್ಲ ಅಂತ ಅಷ್ಟು ಸ್ಪಷ್ಟವಾಗಿ ಹೇಳಿದ ತೀರ್ಪು ಅದು.

ಇಲ್ಲಿ ಹೋಮಾಯಿ ವ್ಯಾರಾವಾಲಾ ಅವರನ್ನು ನೆನೆಯಬೇಕು. ನಮ್ಮ ದೇಶದ ಮೊದಲ ಮಹಿಳಾ ಪತ್ರಿಕಾ ಛಾಯಾಗ್ರಾಹಕಿ, 1913ರಲ್ಲಿ ಹುಟ್ಟಿದವರು. ಆರಂಭದಲ್ಲಿ ಅವರು ತೆಗೆದ ಫೋಟೋಗಳು ಗಂಡನ ಹೆಸರಿನಲ್ಲಿ ಅಚ್ಚಾಗುತ್ತಿದ್ದವು. ಅವರಿಗೆ ಪದ್ಮವಿಭೂಷಣ ಬಂದದ್ದು 2011ರಲ್ಲಿ. ಅಷ್ಟು ಹೊತ್ತಿಗೆ ಅವರಿಗೆ 97 ದಾಟಿತ್ತು. ಫೋಟೋದ ಕೆಳಗಿನ ಆ ಸಣ್ಣ ಅಕ್ಷರದ ಹೆಸರು ಎಷ್ಟು ದೊಡ್ಡದು ಅಂತ ಇದಕ್ಕಿಂತ ಜಾಸ್ತಿ ನಾನು ಹೇಳಬೇಕಾಗಿಲ್ಲ.

"ಫೇಸ್‌ಬುಕ್ಕಿಗೆ ಹಾಕಿದ ಮೇಲೆ ಅದು ಊರಿಗೆಲ್ಲ ಸೇರಿದ್ದಲ್ವಾ" ಅಂತ ಹಿಂದಿನ ಸಾಲಿನಿಂದ ಒಬ್ಬರು ಕೇಳಿದರು. ಅಲ್ಲ. ನಾವು ಫೋಟೋ ಹಾಕಿದಾಗ ಆ ಕಂಪನಿಗೆ ಅದನ್ನು ತೋರಿಸಲು, ಬಳಸಲು ಅನುಮತಿ ಕೊಡುತ್ತೇವೆ. ದಾರಿಯಲ್ಲಿ ಹೋಗುವವರಿಗೆ ಕೊಟ್ಟ ಹಾಗಲ್ಲ. ಇದಕ್ಕೆ ಡೇನಿಯಲ್ ಮೊರೆಲ್ ಅವರ ಕತೆಗಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ.

ಮೊರೆಲ್ ಹೈಟಿ ದೇಶದವರು. 2010ರ ಜನವರಿ 12ರಂದು ಅಲ್ಲಿ ಭಯಂಕರ ಭೂಕಂಪವಾಯಿತು. ಅವರು ರಾಜಧಾನಿ ಪೋರ್ಟ್ ಅ ಪ್ರಿನ್ಸ್‌ನಲ್ಲೇ ಇದ್ದರು. ಧೂಳಿನ ಮಧ್ಯೆ ಫೋಟೋ ತೆಗೆದು, ಆಗ ಟ್ವಿಟರಿನ ಜೊತೆ ಬಳಸುತ್ತಿದ್ದ ಟ್ವಿಟ್‌ಪಿಕ್‌ಗೆ ಹಾಕಿದರು. ಬೇರೊಬ್ಬ ಅವನ್ನು ತನ್ನದೆಂಬಂತೆ ಮತ್ತೆ ಹಾಕಿಕೊಂಡ. ಎಎಫ್‌ಪಿ ಸುದ್ದಿಸಂಸ್ಥೆ ಅವನ ಕಡೆಯಿಂದ ಎತ್ತಿಕೊಂಡಿತು, ಫೋಟೋ ಮಾರುವ ಕಂಪನಿ ಗೆಟ್ಟಿ ಇಮೇಜಸ್ ಮೂಲಕ ಅವು ಲೋಕವೆಲ್ಲ ಹೋದವು. ಮೊರೆಲ್ ಆಕ್ಷೇಪ ಎತ್ತಿದಾಗ ಎಎಫ್‌ಪಿಯೇ ಮೊದಲು ಕೋರ್ಟಿಗೆ ಹೋಯಿತು. ಟ್ವಿಟರಿಗೆ ಹಾಕಿದ ಮೇಲೆ ಬಳಸಲು ನಮಗೂ ಹಕ್ಕಿದೆ ಅಂತ ಅದರ ವಾದ. ನ್ಯೂಯಾರ್ಕಿನ ಕೋರ್ಟ್ ಒಪ್ಪಲಿಲ್ಲ. 2013ರ ನವೆಂಬರಿನಲ್ಲಿ ಜ್ಯೂರಿ 8 ಫೋಟೋಗಳಿಗೆ 12 ಲಕ್ಷ ಡಾಲರ್ ಕೊಡಬೇಕು ಅಂತ ಹೇಳಿತು. ಮೂರೂ ಮುಕ್ಕಾಲು ವರ್ಷ ಒಬ್ಬ ಫೋಟೋಗ್ರಾಫರ್ ಎರಡು ದೈತ್ಯ ಸಂಸ್ಥೆಗಳ ಎದುರು ನಿಂತಿದ್ದರು.

ಇಲ್ಲಿ ಒಂದು ಎಚ್ಚರಿಕೆ. ಅಮೆರಿಕದಲ್ಲಿ ಒಂದು ಕೃತಿಗೆ ಇಂತಿಷ್ಟರವರೆಗೆ ಅಂತ ಕಾನೂನಿನಲ್ಲೇ ಮೊತ್ತ ಇದೆ. ನಮ್ಮಲ್ಲಿ ಹಾಗಿಲ್ಲ. ನಮಗೆ ಎಷ್ಟು ನಷ್ಟ ಆಯಿತು, ಅವರಿಗೆ ಎಷ್ಟು ಲಾಭ ಆಯಿತು ಅಂತ ನಾವೇ ತೋರಿಸಬೇಕು. ಆದ್ದರಿಂದ ನೀವು ಬೇರೆಯವರಿಗೆ ಫೋಟೋ ಕೊಟ್ಟಾಗಿನ ಬಿಲ್‌ಗಳನ್ನು ಜೋಪಾನವಾಗಿಡಿ. ಒಂದು ಕ್ಯಾಲೆಂಡರಿಗೆ ನಾನು ಸಾಮಾನ್ಯವಾಗಿ ಇಷ್ಟು ತೆಗೆದುಕೊಳ್ಳುತ್ತೇನೆ ಅಂತ ತೋರಿಸುವ ಎರಡು ಹಳೆಯ ಬಿಲ್ ಇದ್ದರೆ, ಮಾತುಕತೆಗೆ ಕೂತಾಗ ಅದಕ್ಕೊಂದು ತೂಕ ಬರುತ್ತದೆ. ಸ್ನೇಹಿತ ಅಂತ ಸುಮ್ನೆ ಕೊಟ್ಟರೂ ಒಂದು ವಾಟ್ಸ್‌ಆ್ಯಪ್ ಮೆಸೇಜಾದರೂ ಹಾಕಿ, ಇದು ಇಂಥ ಕೆಲಸಕ್ಕೆ, ಒಂದು ಸಲಕ್ಕೆ ಮಾತ್ರ ಅಂತ.

ಎಲ್ಲ ಬಳಕೆಯೂ ಕಳ್ಳತನ ಅಲ್ಲ, ಅದನ್ನೂ ಹೇಳಬೇಕು. ಸ್ವಂತ ಓದಿಗೆ, ಸಂಶೋಧನೆಗೆ, ವಿಮರ್ಶೆಗೆ, ನಡೆಯುತ್ತಿರುವ ಸುದ್ದಿಯ ವರದಿಗೆ ನ್ಯಾಯವಾದ ಮಿತಿಯಲ್ಲಿ ಬಳಸಲು 52ನೇ ಕಲಮು ಅವಕಾಶ ಕೊಡುತ್ತದೆ. ಶಾಲೆಯ ಹುಡುಗಿ ಪ್ರಾಜೆಕ್ಟಿಗೆ ನನ್ನ ಮಂಗಟ್ಟೆಹಕ್ಕಿಯ ಫೋಟೋ ಅಂಟಿಸಿದರೆ ನನಗೆ ಸಂತೋಷವೇ. ಅಂಗಡಿಯ ಜಾಹೀರಾತಿಗೆ ಆ ವಿನಾಯಿತಿ ಇಲ್ಲ.

ಇನ್ನು ಕಳುವಾದದ್ದು ಗೊತ್ತಾದಾಗ ಏನು ಮಾಡಬೇಕು ಅನ್ನುವುದು. ಮೊದಲ ಕೆಲಸ, ಅವರ ಪೇಜಿಗೆ ಹೋಗಿ ಸಿಟ್ಟಿನಲ್ಲಿ ಕಮೆಂಟ್ ಹಾಕಬೇಡಿ. ಹಾಕಿದ ಐದು ನಿಮಿಷದಲ್ಲಿ ಅವರು ಫೋಟೋ ತೆಗೆದುಬಿಡುತ್ತಾರೆ, ನಿಮ್ಮ ಸಾಕ್ಷಿ ಹೋಯಿತು. ಮೊದಲು ಸ್ಕ್ರೀನ್‌ಶಾಟ್. ಪುಟದ ವಿಳಾಸ, ದಿನಾಂಕ ಕಾಣುವ ಹಾಗೆ ಕಂಪ್ಯೂಟರಿನಲ್ಲೇ ತೆಗೆಯಿರಿ. ವೇಬ್ಯಾಕ್ ಮಷೀನ್ ಅನ್ನುವ ತಾಣದಲ್ಲಿ ಆ ಪುಟವನ್ನು ಉಳಿಸಿಡಿ. ಅಚ್ಚಾದ ವಸ್ತುವಾದರೆ ಎರಡು ಪ್ರತಿ ತನ್ನಿ, ಮಾರುವ ವಸ್ತುವಾದರೆ ಬಿಲ್ ಸಮೇತ. ಡಿಜಿಟಲ್ ಸಾಕ್ಷಿಯನ್ನು ಕೋರ್ಟಿಗೆ ಕೊಡುವುದಾದರೆ ಅದರ ಜೊತೆ ಪ್ರಮಾಣಪತ್ರ ಬೇಕು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನಲ್ಲಿ ಅದನ್ನು ಹೇಳಿದ್ದಾರೆ, ನಮೂನೆ ಕಾಯ್ದೆಯ ಕೊನೆಯ ಅನುಸೂಚಿಯಲ್ಲಿದೆ. ವಕೀಲರು ಮಾಡಿಕೊಡುತ್ತಾರೆ, ಆದರೆ ಫೈಲ್ ನೀವು ಇಟ್ಟಿರಬೇಕು.

ಫೈಲ್ ಅಂದರೆ ರಾ ಫೈಲ್, ಕ್ಯಾಮರಾ ಏನೂ ತಿದ್ದದೆ ಬರೆದಿಟ್ಟ ಮೂಲ ಫೈಲ್. ಈಗಿನ ಕಾಲದ ನೆಗೆಟಿವ್ ಅದು. ಜಾಗ ಇಲ್ಲ ಅಂತ ರಾ ಅಳಿಸಿ ಜೆಪೆಗ್ ಮಾತ್ರ ಇಟ್ಟುಕೊಳ್ಳುವವರಿದ್ದೀರಿ. ಹಾಗೆ ಮಾಡಬೇಡಿ. ವಾಟ್ಸ್‌ಆ್ಯಪ್‌ನಲ್ಲಿ ಫೋಟೋ ಆಗಿ ಕಳಿಸಿದರೆ ಫೈಲಿನೊಳಗೆ ಇರುವ ಹೆಸರು, ದಿನಾಂಕದಂಥ ಮಾಹಿತಿಯೆಲ್ಲ ಅಳಿಸಿ ಹೋಗುತ್ತದೆ, ಡಾಕ್ಯುಮೆಂಟ್ ಆಗಿ ಕಳಿಸಿದರೆ ಉಳಿಯುತ್ತದೆ. ಇನ್ನೊಂದು ವಿಷಯ, ನೆಟ್ಟಿಗೆ ಹಾಕುವಾಗ ಯಾವತ್ತೂ ಪೂರಾ ಫ್ರೇಮ್ ಹಾಕಬೇಡಿ. ನಾಲ್ಕು ಬದಿಯಲ್ಲಿ ಸ್ವಲ್ಪ ಸ್ವಲ್ಪ ಕತ್ತರಿಸಿ ಹಾಕಿ. ಯಾಕೆ ಅಂತ ಈಗ ಹೇಳುತ್ತೇನೆ.

ಆ ಸಂಸ್ಥೆಯ ಆಫೀಸಿಗೆ ನಾನು ಲ್ಯಾಪ್‌ಟಾಪ್ ಹಿಡಿದುಕೊಂಡು ಹೋದೆ. ಜೊತೆಗೆ ವಕೀಲರು ಓದಿ ಸರಿ ಮಾಡಿದ ಒಂದು ಪುಟದ ಪತ್ರ, ಮತ್ತೆ ಒಂದು ಬಿಲ್. ಮ್ಯಾನೇಜರ್ ಮೊದಲು ಒಪ್ಪಲಿಲ್ಲ. "ಇದು ನೀವೇ ತೆಗೆದದ್ದು ಅಂತ ಏನು ಗ್ಯಾರಂಟಿ?" ಅಂದರು. ನ್ಯಾಯವಾದ ಪ್ರಶ್ನೆ. ಕ್ಯಾಲೆಂಡರನ್ನು ಮೇಜಿನ ಮೇಲೆ ಬಿಡಿಸಿಟ್ಟು ಪಕ್ಕದಲ್ಲಿ ರಾ ಫೈಲ್ ತೆರೆದೆ. ಎಡಗಡೆ ಒಂದು ನೀಲಿ ನೀರಿನ ಕ್ಯಾನ್ ಇತ್ತು. ಫೇಸ್‌ಬುಕ್ಕಿಗೆ ಹಾಕುವಾಗ ಚೆಂದ ಕಾಣುವುದಿಲ್ಲ ಅಂತ ನಾನೇ ಕತ್ತರಿಸಿದ್ದೆ. ಅದು ಲೋಕದಲ್ಲಿ ಇನ್ಯಾರ ಹತ್ತಿರವೂ ಇಲ್ಲ. ಆಮೇಲೆ ಹಿಂದಿನ, ಮುಂದಿನ ನಲವತ್ತು ಫ್ರೇಮುಗಳನ್ನು ಒಂದೊಂದಾಗಿ ತೋರಿಸಿದೆ. ಮುಖದ ಮೇಲೆ ಚಿಟ್ಟಿ ಏರುತ್ತಾ ಹೋಗುತ್ತಿತ್ತು. ಕೊನೆಗೆ ಬಲಗಡೆ ಮಲಗಿದ್ದ ಹುಡುಗನನ್ನು ತೋರಿಸಿದೆ. ಕ್ಯಾಲೆಂಡರಿನ ಬಲ ಅಂಚಿನಲ್ಲಿ ಒಂದು ಕಂದು ಚುಕ್ಕಿ ಇತ್ತು. ಅಚ್ಚಿನ ಕಲೆ ಅಂತ ಎಲ್ಲರೂ ಅಂದುಕೊಂಡಿದ್ದರು. ಅದು ಆ ಹುಡುಗನ ಕಾಲಿನ ಹೆಬ್ಬೆರಳು. ಕತ್ತರಿಸಿದವರ ಕಣ್ಣಿಗೆ ಬೀಳದೆ ಉಳಿದದ್ದು.

ಮ್ಯಾನೇಜರ್ ಕುರ್ಚಿ ಹತ್ತಿರ ಎಳೆದುಕೊಂಡು ತುಂಬಾ ಹೊತ್ತು ನೋಡಿದರು. ಆಮೇಲೆ ಚಾ ತರಿಸಿದರು. ನಾನು ಕೇಳಿದ್ದು 18 ಸಾವಿರ, ಸಿಕ್ಕಿದ್ದು 15 ಸಾವಿರ. ದುಡ್ಡಿಗಿಂತ ಮುಖ್ಯವಾಗಿ ಅವರ ಲೆಟರ್‌ಹೆಡ್‌ನಲ್ಲಿ ಒಂದು ಪತ್ರ ಕೇಳಿದೆ. ಈ ಫೋಟೋವನ್ನು ಛಾಯಾಗ್ರಾಹಕರಿಗೆ ತಿಳಿಸದೆ, ಅವರ ಅನುಮತಿ ಇಲ್ಲದೆ ಬಳಸಿದ್ದೇವೆ ಅಂತ. ಆ ಪತ್ರವನ್ನೂ ದುಡ್ಡಿನ ಅರ್ಧವನ್ನೂ ಹಿಡಿದುಕೊಂಡು ಕಲಾವಿದರ ಮನೆಗೆ ಹೋದೆ. ಅವರು ಕನ್ನಡಕ ಹಾಕಿ ಪತ್ರ ಎರಡು ಸಲ ಓದಿದರು. "ಆಯ್ತು, ಊಟ ಮಾಡಿ ಹೋಗಿ" ಅಂದರು.

ಎಲ್ಲ ಕತೆಯೂ ಹೀಗೆ ಮುಗಿಯುವುದಿಲ್ಲ. ಮಾತಿಗೆ ಬಗ್ಗದವರಿಗೆ ವಕೀಲರಿಂದ ನೋಟಿಸ್. ಆಮೇಲೆ ಕೋರ್ಟ್. ನಮಗೆ ಅನುಕೂಲವಾದ ಒಂದು ಅಂಶ 62ನೇ ಕಲಮಿನಲ್ಲಿದೆ. ಕದ್ದವರು ದೆಹಲಿಯಲ್ಲಿ ಇದ್ದರೂ ನೀವು ವಾಸ ಮಾಡುವ, ವ್ಯವಹಾರ ಮಾಡುವ ಜಾಗದ ಜಿಲ್ಲಾ ಕೋರ್ಟಿನಲ್ಲೇ ದಾವೆ ಹಾಕಬಹುದು. ಪರಿಹಾರ ಕೇಳಲು 3 ವರ್ಷದ ಮಿತಿ ಇದೆ, ಕಾಯುತ್ತಾ ಕೂರಬೇಡಿ. ವೆಬ್‌ಸೈಟುಗಳಿಂದ ಫೋಟೋ ತೆಗೆಸಲು ಆಯಾ ಕಂಪನಿಯ ಕಾಪಿರೈಟ್ ದೂರಿನ ಫಾರಂ ಇದ್ದರೆ ಅದೇ ಸುಲಭದ ದಾರಿ. 2013ರ ಕಾಪಿರೈಟ್ ನಿಯಮಗಳ 75ನೇ ನಿಯಮದಲ್ಲಿ ದೂರು ಬಂದ 36 ಗಂಟೆಯೊಳಗೆ ಕ್ರಮ ಕೈಗೊಳ್ಳಬೇಕು ಅಂತಿದೆ. ಆದರೆ 21 ದಿನದೊಳಗೆ ಕೋರ್ಟಿನ ಆದೇಶ ತರುತ್ತೇನೆ ಅಂತ ನಾವೂ ಬರೆದುಕೊಡಬೇಕು. ಅಷ್ಟು ತಯಾರಿ ಇದ್ದರೆ ಮಾತ್ರ ಆ ದಾರಿ ಹಿಡಿಯಿರಿ.

ಪೊಲೀಸ್ ಕಂಪ್ಲೇಂಟ್ ಕೊಡಬಹುದಾ? ಕೊಡಬಹುದು. ಬೇಕೆಂದೇ ಉಲ್ಲಂಘನೆ ಮಾಡಿದರೆ 6 ತಿಂಗಳಿಂದ 3 ವರ್ಷದವರೆಗೆ ಜೈಲು, 50 ಸಾವಿರದಿಂದ 2 ಲಕ್ಷದವರೆಗೆ ದಂಡ. ಇದು ಜಾಮೀನು ಹಕ್ಕಾಗಿ ಸಿಗದ ವರ್ಗದ ಅಪರಾಧ ಅಂತ 2022ರಲ್ಲಿ ಸುಪ್ರೀಂ ಕೋರ್ಟೂ ಹೇಳಿದೆ. ಫೋಟೋದೊಳಗಿನ ಹೆಸರು, ಹಕ್ಕಿನ ಮಾಹಿತಿಯನ್ನು ಗೊತ್ತಿದ್ದೂ ಅಳಿಸುವುದು 2012ರ ತಿದ್ದುಪಡಿಯ ನಂತರ ಬೇರೆಯೇ ಅಪರಾಧ. ನನ್ನ ಅಭಿಪ್ರಾಯ ಕೇಳಿದರೆ, ಗೂಗಲ್‌ನಲ್ಲಿ ಸಿಕ್ಕಿತು ಅನ್ನುವ ಇಪ್ಪತ್ತೆರಡು ವರ್ಷದ ಡಿಸೈನರ್ ಹುಡುಗನ ಮೇಲೆ ಇದನ್ನು ಬಳಸಬೇಡಿ. ಗೊತ್ತಿದ್ದೂ ಮತ್ತೆ ಮತ್ತೆ ಮಾಡುವ ದೊಡ್ಡವರಿಗೆ ಇರಲಿ.

ರಿಜಿಸ್ಟ್ರೇಷನ್ ಕಡ್ಡಾಯವಲ್ಲ ಅಂದೆ. ಮಾಡಿಸಿದರೆ ಕೋರ್ಟಿನಲ್ಲಿ ಅದು ಮೇಲ್ನೋಟದ ಸಾಕ್ಷಿಯಾಗುತ್ತದೆ, ಅಂದರೆ ತಪ್ಪು ಅಂತ ಎದುರಿನವರು ತೋರಿಸುವವರೆಗೆ ಅದನ್ನು ಒಪ್ಪುತ್ತಾರೆ. ಕಲಾಕೃತಿಗೆ 500 ರೂಪಾಯಿ ಶುಲ್ಕ, ಆನ್‌ಲೈನಿನಲ್ಲೇ ಅರ್ಜಿ. ಎಲ್ಲ ಫೋಟೋಗೂ ಮಾಡಿಸಲು ಆಗುವುದಿಲ್ಲ. ನಿಮಗೆ ಹೆಸರು ತಂದ ಹತ್ತು ಫೋಟೋಗೆ ಮಾಡಿಸಿ.

ನಮ್ಮ ಮನೆಯನ್ನೂ ನಾವು ಗುಡಿಸಬೇಕು. ಮದುವೆ ವಿಡಿಯೋಗೆ ಸಿನಿಮಾ ಹಾಡು ಹಾಕುತ್ತೇವೆ. ಆಲ್ಬಂ ಹಿನ್ನೆಲೆಗೆ ಯಾರದೋ ಸೂರ್ಯಾಸ್ತ, ಯಾರದೋ ಆಕಾಶ. ಆ ಹಾಡಿಗೂ ಆ ಆಕಾಶಕ್ಕೂ ಒಡೆಯರಿದ್ದಾರೆ. ದುಡ್ಡು ಕೊಟ್ಟು ಲೈಸೆನ್ಸ್ ತೆಗೆದುಕೊಳ್ಳುವ ಸಂಗೀತ ಈಗ ಬೇಕಾದಷ್ಟು ಸಿಗುತ್ತದೆ. ನಾನು ಎರಡು ವರ್ಷದಿಂದ ಅದನ್ನೇ ಬಳಸುತ್ತಿದ್ದೇನೆ. ಅದರಿಂದ ಒಂದೆರಡು ಆರ್ಡರ್ ತಪ್ಪಿದ್ದೂ ಇದೆ.

ಮಾತು ಮುಗಿಸುವ ಮೊದಲು ಎಲ್ಲರಿಗೂ ಒಂದು ಕೆಲಸ ಕೊಟ್ಟೆ. ಕ್ಯಾಮರಾ ತೆಗೆಯಿರಿ, ಮೆನುವಿನಲ್ಲಿ ಕಾಪಿರೈಟ್ ಮಾಹಿತಿ ಅಂತ ಒಂದು ಜಾಗ ಇರುತ್ತದೆ, ಹುಡುಕಿ. ಅಲ್ಲಿ ನಿಮ್ಮ ಹೆಸರು ಟೈಪ್ ಮಾಡಿದರೆ ಇನ್ನು ಮುಂದೆ ತೆಗೆಯುವ ಪ್ರತಿಯೊಂದು ಫೋಟೋದ ಒಳಗೆ ಅದು ತಾನಾಗಿ ಸೇರುತ್ತದೆ. ಸಭೆಯಲ್ಲಿ ಟಿಕ್ ಟಿಕ್ ಸದ್ದು ಶುರುವಾಯಿತು. ಸುಮಾರು ಎಲ್ಲರಲ್ಲೂ ಆ ಜಾಗ ಖಾಲಿ ಇತ್ತು. ಹಿರಿಯರಿಗೆ ಕಿರಿಯರು ತೋರಿಸಿಕೊಟ್ಟರು.

ಮೂರನೇ ಸಾಲಿನಲ್ಲಿ ಕೂತಿದ್ದ ಹುಡುಗನೊಬ್ಬ ಕ್ಯಾಮರಾ ಹಿಡಿದುಕೊಂಡು ಸುಮ್ಮನೆ ಕೂತಿದ್ದ. ಹತ್ತಿರ ಹೋದೆ. "ಅಣ್ಣಾ, ಇದರಲ್ಲಿ ಬೇರೆ ಯಾರದ್ದೋ ಹೆಸರಿದೆ" ಅಂದ. ಸೆಕೆಂಡ್ ಹ್ಯಾಂಡ್ ಕ್ಯಾಮರಾ. ಕೊಂಡು ಎರಡು ವರ್ಷವಾಗಿತ್ತು. ಅವನು ತೆಗೆದ ಮೊದಲ ಮದುವೆ, ತಂಗಿಯ ಮಗುವಿನ ಫೋಟೋ, ಊರಿನ ಜಾತ್ರೆ, ಎಲ್ಲದರ ಒಳಗೂ ತಾನು ನೋಡಿಯೇ ಇರದ ಒಬ್ಬನ ಹೆಸರು. ಅವನು ಒಂದೊಂದೇ ಅಕ್ಷರ ಅಳಿಸಿದ. ತನ್ನ ಹೆಸರು ಬರೆದ. ಆಮೇಲೆ ಕ್ಯಾಮರಾ ಎತ್ತಿ, ಎದುರಿಗಿದ್ದ ಖಾಲಿ ಕುರ್ಚಿಗಳದ್ದೇ ಒಂದು ಫೋಟೋ ತೆಗೆದು, ಹೆಸರು ಬಂತಾ ಅಂತ ನೋಡಿಕೊಂಡ.